ಗಾಳಿ ಕತ್ತರಿಸುವುದು

ಕೀರನ್, ಸೋಮವಾರದಿಂದ ಆರು ವಾರ ನಾನಿಲ್ಲ.
ಬ್ರ್ಯಾಡ್‌ಫರ್ಡ್ ಆಸ್ಪತ್ರೆಯಲ್ಲಿ ಮಂಡಿಯ ಕೀಲು ಬದಲಿಸುತ್ತಾರೆ,
ಹಳೆಯದು ತೆಗೆದು ಹೊಸದು.
ನಗಬೇಡ, ನನಗೂ ಹೊಳೆದಿದೆ ಅದು.
ಹಿಂದಿನದಕ್ಕೆ ಮರಳುವ ಗುಂಡಿ ಅದಕ್ಕಿಲ್ಲ.

ಬರೆದಂತೆ ಓದಲಾಗದ ಈ ಕೀತ್ಲಿ ಊರಲ್ಲಿ,
ಉಣ್ಣೆ ಗಿರಣಿಯ ಹಿಂಬದಿಯ ಶೆಡ್ಡಿನಲ್ಲಿ,
ಮೂಲೆಯ ಮಿಲ್ಲಿಂಗ್ ಯಂತ್ರಕ್ಕೆ ತಲೆಯಾಗಿ ಕೂತಿರುವ
ಬೂದು ಡಬ್ಬಿಯನ್ನು ನಿನಗೆ ಒಪ್ಪಿಸುತ್ತಿದ್ದೇನೆ.

ಅದು ಮಡಿಯಲ್ಲಿದೆ.
ಮಡಿ ಅಂದರೇನೆಂದು ನಿನಗೆ ಹೇಗೆ ಹೇಳಲಿ?
ನನ್ನಜ್ಜಿ ಒದ್ದೆ ಸೀರೆಯುಟ್ಟು ಒಲೆಯ ಮುಂದಿದ್ದರೆ
ನಾವು ಮಕ್ಕಳು ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದೆವು.
ಆ ಮಡಿ ಬಿಟ್ಟು ನಲವತ್ತು ವರ್ಷ;
ಈ ಡಬ್ಬಿಗೆ ಮಾತ್ರ ಅದನ್ನೇ ವಿಧಿಸಿದ್ದೇನೆ.
ವರ್ಷಕ್ಕೆ ಎರಡು ಸಲ, ಅರ್ಧ ಗಂಟೆ, ನಾನೇ ನೆಟ್‌ವರ್ಕ್ ತಂತಿ ಚುಚ್ಚುತ್ತೇನೆ.
ಚುಚ್ಚಿದೊಡನೆ ಕಿತ್ತಳೆ ಬಣ್ಣದ ಅಂಕಿ:
ಇನ್ನೂರ ಹನ್ನೆರಡು ಅಪ್‌ಡೇಟುಗಳು ಕಾದಿವೆ.

ಎಲ್ಲವನ್ನೂ ಒಪ್ಪು ಎಂಬ ಗುಂಡಿ ದೊಡ್ಡದು.
ಅಕ್ಷರದ ಅಚ್ಚು, ಬ್ರೆಜಿಲಿನ ಗಡಿಯಾರ,
ನಮ್ಮಲ್ಲಿಲ್ಲದ ಪ್ರಿಂಟರಿಗೆ ಬೇಕಾದದ್ದು, ಬರಲಿ ಬಿಡು.
ಕರ್ನಲ್ ಎಂದು ಶುರುವಾಗುವ ಹೆಸರು ಕಂಡರೆ
ಕೈ ಹಿಂದಕ್ಕೆ ಕಟ್ಟಿಕೋ.
ಪರದೆಯ ಚಿತ್ರಕ್ಕೆ ಸೇರಿದ್ದೂ ಅಷ್ಟೇ, ಸಾಧುವಿನ ಹಾಗಿರುತ್ತದೆ,
ಸದ್ದಿಲ್ಲದೆ ತಾಳ ತಪ್ಪಿಸುತ್ತದೆ.

ತಾಳ ಅಂದೆನಲ್ಲ,
ಸೆಕೆಂಡಿಗೆ ಸಾವಿರ ಸಲ ಮೋಟಾರು ಕೇಳುತ್ತದೆ: ಈಗೆಲ್ಲಿ?
ಸಾವಿರ ಸಲವೂ ಡಬ್ಬಿ ಹೇಳಬೇಕು: ಇಲ್ಲಿ.
ಜಾಣತನ ಬೇಡ, ಹೊತ್ತಿಗೆ ಸರಿಯಾಗಿ ಒಂದು ಉತ್ತರ.
ತಡವರಿಸಿದರೆ ಏನಾಗುತ್ತದೆಂದು
ಕಿಟಕಿಯಲ್ಲಿ ಕಾಗದ ಹಾರದಂತೆ ಇಟ್ಟಿರುವ ಕಂಚಿನ ತುಂಡನ್ನು ಕೇಳು.
ಪಂಪಿನ ಹೊದಿಕೆಯಾಗಬೇಕಿತ್ತು ಅದು;
ಮೈಮೇಲೆ ಗೀರು, ಮೂರು ಮಿಲಿಮೀಟರ್ ಆಳ.
ಒಂದು ಮಂಗಳವಾರ ಡಂಕನ್ ಸಟ್‌ಕ್ಲಿಫ್ ಎಲ್ಲದಕ್ಕೂ ಹೂಂ ಅಂದಿದ್ದ.

ಆಮೇಲೆ ನಾನು ಎಲ್ಲದಕ್ಕೂ ಊಹೂಂ ಅಂದೆ. ಎರಡು ವರ್ಷ.
ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ:
ಊಹೂಂ ಅಂದ ರಾಶಿಯಲ್ಲೊಂದು ಸಣ್ಣ ಸಾಲಿತ್ತು,
'ಬಾಗಿಲು ತೆರೆದ ಸಂಕೇತ ಕೆಲವೊಮ್ಮೆ ತಲುಪುತ್ತಿರಲಿಲ್ಲ, ಸರಿಪಡಿಸಿದೆ.'
ಕೆಲವೊಮ್ಮೆ.
ಆ ಕೆಲವೊಮ್ಮೆ ಬಂದದ್ದು ನವೆಂಬರಿನಲ್ಲಿ,
ಮೌರೀನ್ ಲೋಹದ ಸುರುಳಿ ಗುಡಿಸಲು ಬಗ್ಗಿದಾಗ.
ಅಂಗಿಯ ತೋಳು ಹೋಯಿತು. ಕೈ ಉಳಿಯಿತು.
ಟೀ ಕೇಳಿದಳು, ಎರಡು ಚಮಚ ಸಕ್ಕರೆ ಹಾಕಿ,
ಎಂದೂ ಸಕ್ಕರೆ ಮುಟ್ಟದವಳು.
ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು
ಅನ್ನುತ್ತಾರೆ ನಮ್ಮಲ್ಲಿ.
ನನ್ನದು ಅಷ್ಟೂ ಅಲ್ಲ, ಒಲೆಗೆ ಹೆದರಿ ಹಸಿದು ಕೂತದ್ದು.

ಆದ್ದರಿಂದ ಓದು. ಏನೇನು ಬದಲಾಯಿತೆಂಬ ಆ ಬೇಸರದ ಪಟ್ಟಿಯನ್ನು
ಕೊನೆಯ ಸಾಲಿನ ತನಕ ಓದು.
ನನ್ನ ಮಂಡಿಗೂ ಕೊಟ್ಟಿದ್ದರು, ಹದಿನಾಲ್ಕು ಪುಟ.
ಡಿಸ್ಕಿನ ನಕಲು ತೆಗೆ, ಮೂಲವನ್ನು ಬಿಸ್ಕತ್ ಡಬ್ಬಿಯಲ್ಲಿಟ್ಟು ತಾರೀಖು ಬರೆ,
ಧೈರ್ಯವೆಲ್ಲ ನಕಲಿನ ಮೇಲೆ ತೋರಿಸು.
ತಾಳ ಅಳೆಯುವ ಪ್ರೋಗ್ರಾಮು ಓಡಲು ಬಿಟ್ಟು ಊಟಕ್ಕೆ ಹೋಗು;
ಬಂದು ಅತಿ ದೊಡ್ಡ ಅಂಕಿಯೊಂದನ್ನೇ ನೋಡು,
ಸರಾಸರಿ ಎಂಬುದು ಮುಖಸ್ತುತಿ.
ಹದಿನೆಂಟು ಸಾವಿರ ದಾಟಿದ್ದರೆ
ನನಗೆ ಫೋನ್ ಮಾಡಬೇಡ, ಬಿಸ್ಕತ್ ಡಬ್ಬಿ ತೆರೆ.

ದಾಟದಿದ್ದರೂ ಲೋಹ ಕಟ್ಟಬೇಡ ಇನ್ನೂ.
ಇಕ್ಕಳ ಖಾಲಿ ಬಿಟ್ಟು ಗಾಳಿಯನ್ನು ಕತ್ತರಿಸು.
ಬರೀ ಗಾಳಿಯಲ್ಲಿ ಪಂಪಿನ ಹೊದಿಕೆ ಪೂರ್ತಿಯಾಗಲಿ,
ಅಂಚು, ತೂತು, ಒಳಗಿನ ತಿರುವು.
ಪ್ರತಿಸಲ ನಾನು ಸುಮ್ಮನೆ ನಿಂತು ನೋಡುತ್ತೇನೆ,
ಏನೂ ಇಲ್ಲದಲ್ಲಿ ಅದು
ಎಷ್ಟು ಜೋಪಾನವಾಗಿ ಹೋಗಿಬರುತ್ತದೆಂದು.
ಆಗ, ನಡುವೆ, ದೂರ ನಿಂತು ಬಾಗಿಲು ತೆರೆ.
ನಿಲ್ಲಬೇಕು.
ಮುಚ್ಚಿ, ಇನ್ನೊಮ್ಮೆ ತೆರೆ.