ಎಡಗೆನ್ನೆ

ಹೋದ ಶರತ್ತಿನಲ್ಲಿ, ಕೂಹ್ಮೋದ ಜೌಗಿನ ಅಂಚಿನಲ್ಲಿ,
ಎಲ್ಕ್ ಒಂದು ಬಂದು ನನ್ನೆದುರು ನಿಂತಿತು.
ದುರ್ಬೀನಿನೊಳಗೆ ಕಾಲುಗಳಿದ್ದವು, ನಾಲ್ಕೂ.
ಕೊಂಬಿತ್ತು, ಕೊಂಬಿಗೆ ಸಿಕ್ಕ ಪಾಚಿಯ ಎಳೆಯೂ ಇತ್ತು.
ಎದೆ ಇರಬೇಕಾದಲ್ಲಿ ಮಾತ್ರ
ಒಲೆಯಿಂದ ಗೋರಿದಂಥ ಬೂದಿ.

"ಕೊಂಬೆ ಅಡ್ಡ ಬಂತು" ಎಂದೆ ಸಂಗಡಿಗರಿಗೆ.
ಇಲ್ಲದ ಆ ಕೊಂಬೆಯನ್ನು
ಇಡೀ ಚಳಿಗಾಲ ಹೊತ್ತು ತಿರುಗಿದೆ.

ಕಯಾನಿಯ ಡಾಕ್ಟರು ಚೌಕುಳಿ ಗೆರೆಯ ಹಾಳೆ ಹಿಡಿದರು.
ಎಡಗಣ್ಣು ಮುಚ್ಚಿ ನೋಡಿದೆ,
ನಡುವಿನ ಗೆರೆಗಳು ಒದ್ದೆ ದಾರದಂತೆ ಜೋತುಬಿದ್ದವು.
"ಅಂಚು ಉಳಿಯುತ್ತೆ. ನಡು ಮರಳುವುದಿಲ್ಲ."
ಡಾಕ್ಟರ ಬೂಟು ಕಂಡಿತು, ಎರಡು ಕಿವಿ ಕಂಡವು,
ಮಾತಾಡಿದ ಬಾಯಿ ಕಾಣಲಿಲ್ಲ.

ಬಲವೆಂದರೆ ಒಂದು ದಿಕ್ಕು, ಒಂದು ಕಸುವು.
ಎರಡೂ ಒಂದೇ ಬಸ್ಸಿಗೆ ಹೊರಟುಹೋದವು.
ಉಳಿದದ್ದು ಎಡ.
ಎಡವಟ್ಟಿನ ಎಡ, ಎಡವಿ ಬೀಳುವ ಎಡ,
ಬೇಕರಿಯಲ್ಲಿ ಮೂವತ್ತೊಂದು ವರ್ಷ ರೈ ಹಿಟ್ಟು ನಾದುವಾಗ
ಬಲಗೈ ಒತ್ತಿದ್ದನ್ನು
ಸುಮ್ಮನೆ ತಿರುಗಿಸಿ ಕೊಡುತ್ತಿದ್ದ ಎಡ.

ಅಣ್ಣ ಓಯ್ವಾನಿಗೆ ಮೊದಲು ಹೇಳಿದೆ.
ಅವನು ಹುಟ್ಟಾ ಎಡಚ.
ಶಾಲೆಯಲ್ಲಿ ಟೀಚರು ಅವನ ಎಡಗೈಯನ್ನು
ಬೆಂಚಿನ ಕೆಳಗೆ ಕೂರಿಸಿ, ಹೊರಬಂದಾಗೆಲ್ಲ
ಗೆಣ್ಣಿಗೆ ಅಳತೆಪಟ್ಟಿ ಇಳಿಸುತ್ತಿದ್ದರು.
"ನನ್ನ ಬಲಗೈ ಬರೆಯೋಕೆ ನಾಲ್ಕು ವರ್ಷ ಹಿಡೀತು,
ಏಟು ತಿಂದು ತಿಂದು. ನಿಂಗೆ ಯಾರು ಹೊಡೀತಾರೆ, ತಾಯ್ಮಿ?"

ಬಂದೂಕೇ ಹೊಡೆಯಿತು.
ಮೊದಲ ವಾರವೇ ಎಡಭುಜ ಬೆರ್ರಿ ಹಣ್ಣಿನ ಬಣ್ಣ.
ಹಿಡಿಯ ಉಬ್ಬು ಬಲಗೆನ್ನೆಗೆಂದೇ ಕೆತ್ತಿದ್ದು;
ಎಡಗೆನ್ನೆ ಅದರ ಮೇಲೆ
ಪರರ ಮನೆ ದಿಂಬಿನ ಮೇಲೆ ಒರಗಿದ ಹಾಗೆ,
ನಿದ್ದೆಯಿಲ್ಲ, ಎದ್ದು ಹೋಗುವಂತೆಯೂ ಇಲ್ಲ.
ತೋಟಾ ಬದಲಿಸಲು ಹಿಡಿಕೆ ಆಚೆ ಬದಿಗೆ.
ಬೇಲಿಯ ಮೇಲಿಂದ ಪಕ್ಕದ ಮನೆಯವರಿಗೆ
ಉಪ್ಪು ಕೊಡುವಂತೆ ಕೈ ಚಾಚಬೇಕು.

ಜನವರಿ, ಹೊರಗೆ ಮೈನಸ್ ಇಪ್ಪತ್ತೇಳು.
ಅಡುಗೆಮನೆಯಲ್ಲಿ ಖಾಲಿ ಬಂದೂಕು,
ನಳಿಕೆಯ ತುದಿಯಲ್ಲಿ ಒಂದು ನಾಣ್ಯ.
ಕುದುರೆ ಎಳೆದರೂ ನಾಣ್ಯ ಬೀಳಕೂಡದು.
ಬಿತ್ತು. ಬಿತ್ತು. ಒಲೆಯಡಿಗೆ ಉರುಳಿತು.
ಸಿಟ್ಟಿಗೆ ಕಾಫಿಯನ್ನೂ ಎಡಗೈಯಲ್ಲೇ ಕಲಕಿದೆ,
ಹಲ್ಲುಜ್ಜಿದೆ, ಗುಂಡಿ ಹಾಕಿಕೊಂಡೆ,
ಬ್ರೆಡ್ಡಿನ ಜೊತೆ ಬೆರಳನ್ನೂ ಕೊಯ್ದುಕೊಂಡೆ.
ಎಡಬಿಡದೆ ಅಂದರೆ ಏನೆಂದು
ಅರವತ್ತಮೂರರಲ್ಲಿ ತಿಳಿಯಿತು.

ನಾಯಿಗೂ ಕಷ್ಟವೇ. ಹಲ್ಲಾ ಒಂಬತ್ತು ವರ್ಷ
ನನ್ನ ಎಡಕ್ಕೆ ನಡೆದವಳು, ಬಂದೂಕು ಬಲಕ್ಕಿತ್ತೆಂದು.
ಈಗ ನಡುದಾರಿಯಲ್ಲಿ ನಿಂತು
ನನ್ನ ಸುತ್ತ ಒಂದು ಸುತ್ತು ಬರುತ್ತಾಳೆ,
ಇದು ಬೇರೆ ಹೆಂಗಸೇನೋ ಎಂದು ಮೂಸಿ.

ಏಪ್ರಿಲಿನಲ್ಲಿ, ಕರಗುವ ಹಿಮದ ನಡುವೆ,
ಓಯ್ವಾ ಬೆನ್ನ ಹಿಂದೆ ನಿಂತು ನೋಡಿದ.
ಐದು ಗುಂಡಾದ ಮೇಲೆ, ಪೈಪಿಗೆ ತಂಬಾಕು ತುಂಬುತ್ತಾ:
"ನೀನು ಬಲಗೈಲಿ ಹೊಡೆಯುವಾಗ
ಗುಂಡಿಗಿಂತ ಮೊದಲು ಕಣ್ಣು ಮುಚ್ಚುತ್ತಿದ್ದೆ. ನಲವತ್ತು ವರ್ಷದಿಂದ."
"ಯಾಕೆ ಹೇಳಲಿಲ್ಲ?"
"ಎಲ್ಕ್ ಬೀಳುತ್ತಿತ್ತಲ್ಲ."
ಎಡಗೈಗೆ ಬೆಚ್ಚುವುದನ್ನು ಯಾರೂ ಕಲಿಸಿರಲಿಲ್ಲ.
ಅದು ಪೆದ್ದಿಯ ಹಾಗೆ
ಸದ್ದು ಮುಗಿಯುವ ತನಕ ನೋಡುತ್ತಲೇ ಇತ್ತು.

ಪರೀಕ್ಷೆಗೆ ನಾಲ್ಕು ಗುಂಡು.
ಮೊದಲ ಸಲ ಎರಡು ಹೊರಗೆ, ಮರುಸಲ ಒಂದು,
ಅದೂ ಗೆರೆಗೆ ಉಗುರಿನಷ್ಟು ಆಚೆ.
ಸಾಲಿನಲ್ಲಿದ್ದ ಹುಡುಗರು ತಮ್ಮ ಬೂಟು ನೋಡಿಕೊಂಡರು.
ಆಗಸ್ಟಿನ ಮಳೆಯಲ್ಲಿ, ಮೂರನೆಯ ಸಲ,
ನಾಲ್ಕೂ ಒಳಗೆ.
ಚೆಂದಕ್ಕಲ್ಲ, ಚೆದುರಿಯೇ, ಆದರೆ ಒಳಗೆ.

ಪರೀಕ್ಷಕ ಮ್ಯಾತ್ತ ಕಾರ್ಡು ಮುಂದಿಟ್ಟ, ಪೆನ್ನು ಕೊಟ್ಟ.
ಯೋಚಿಸದೆ ಎಡಗೈಯಲ್ಲಿ ತೆಗೆದುಕೊಂಡೆ.
ಹೆಸರು ಗೆರೆ ಬಿಟ್ಟು ಜಾರಿತು,
ಈಗಷ್ಟೇ ಹುಟ್ಟಿದ ಕರು
ನಾಲ್ಕು ಕಾಲೂ ನಾಲ್ಕು ಕಡೆಗೆ ಊರಿದಂತೆ.

"ಇದು ನಿಮ್ಮ ಸಹಿಯೇ?" ಕನ್ನಡಕ ಎತ್ತಿ ಕೇಳಿದ.
"ಓದೋಕೆ ಬರಲ್ಲ."

ಬಲಗೈ ಮೇಜಿನಡಿಯಲ್ಲಿತ್ತು.
"ತೂತು ಎಣಿಸಿ," ಎಂದೆ.