ಗೊತ್ತಾಗುತ್ತಾ

ಶಿಡ್ಲಘಟ್ಟದ ತಾಲೂಕು ಆಸ್ಪತ್ರೆ, ಒಂಬತ್ತನೇ ಕೊಠಡಿ.
ಮಂಗಳವಾರ ನರದ ಡಾಕ್ಟರು ಬರುತ್ತಾರೆ.
ಗುವಾಹಟಿ ಕಡೆಯ ಹುಡುಗ,
ಕನ್ನಡದಲ್ಲಿ ಬರುವುದು ಮೂರೇ ಮಾತು:
ಕೂತ್ಕೊಳಿ, ಊಟ, ಆಯ್ತು.
ಮಿಕ್ಕಿದ್ದಕ್ಕೆಲ್ಲ ನಾನು,
ಟ್ರೇ ಹಿಡಿದು ನಿಂತ ದುಭಾಷಿ.

ಅವರಿಗೆ ಒಂದು ಪದ ಸಾಕು.
ಗುಂಡುಸೂಜಿ ತಾಗಿಸಿ, ಫೀಲ್?
ಹತ್ತಿಯ ಎಳೆ ಸವರಿ, ಫೀಲ್?
ಬಿಸಿನೀರಿನ ಶೀಶೆ, ತಣ್ಣೀರಿನ ಶೀಶೆ, ಫೀಲ್, ಫೀಲ್?
ಎಲ್ಲ ಮುಗಿದ ಮೇಲೆ ಭುಜ ತಟ್ಟಿ
ಹೌ ಡು ಯು ಫೀಲ್.
ಇಷ್ಟು ಹೊತ್ತು ಚರ್ಮವನ್ನು ಕೇಳುತ್ತಿದ್ದವರು
ಅದೇ ಉಸಿರಲ್ಲಿ ಮನಸ್ಸನ್ನು ಕೇಳುತ್ತಾರೆ.

ಐನೂರರ ನೋಟು ಚಾಚಿ
ಐದು ರೂಪಾಯಿ ಕೊತ್ತಂಬರಿ ಕೇಳಿದ ಹಾಗೆ.
ನಾನು ಚಿಲ್ಲರೆಗೆ ತಡಕಾಡುತ್ತೇನೆ.
ಮುಟ್ಟಿದ್ದು ತಿಳೀತಾ ಅನ್ನೋಣವೆಂದರೆ
ಮುಟ್ಟು ಎಂದ ಕೂಡಲೇ ಬೆಂಚಿನ ಮೇಲಿನ ಹುಡುಗಿಯರು
ಸೆರಗಿನೊಳಗೆ ಕಿಸಕ್ಕೆನ್ನುತ್ತಾರೆ.
ನೋವಾಗುತ್ತಾ ಎಂದರೆ ಹೌದು,
ಇಲ್ಲಿ ಯಾರನ್ನು ಕೇಳಿದರೂ ಹೌದು.
ಏನಾದ್ರೂ ಅನ್ನಿಸುತ್ತಾ ಎಂದರೆ
ಏನನ್ನಿಸಬೇಕು ಹೇಳಮ್ಮಾ, ಅಂತ
ನನ್ನ ಮುಖವನ್ನೇ ನೋಡುತ್ತಾರೆ.

ಊರೊಳಗೆ ಆ ಪದ ಬೇರೆ ಕೆಲಸಕ್ಕೆ ಸೇರಿಕೊಂಡಿದೆ.
ಮೊಬೈಲು ಕಸಿದುಕೊಂಡರೆ ತಂಗಿಯ ಮಗ ಫೀಲ್ ಆಗ್ತಾನೆ.
ಬಟ್ಟೆ ಅಂಗಡಿಯ ಪರಂಧಾಮ ಸೀರೆಯಂಚು ಕೈಗಿಟ್ಟು
ಫೀಲ್ ನೋಡಿ ಸಿಸ್ಟರ್, ಅಂತಾನೆ.
ನನ್ನ ಗಂಡ, ಆಡಬಾರದ್ದೆಲ್ಲ ಆಡಿ,
ದೀಪ ಆರಿಸಿದ ಎಷ್ಟೋ ಹೊತ್ತಿಗೆ
ಗೋಡೆಯ ಕಡೆ ತಿರುಗಿಕೊಂಡೇ:
ಫೀಲ್ ಮಾಡ್ಕೊಂಡ್ಯಾ?
ಕ್ಷಮಿಸು ಎನ್ನುವುದಕ್ಕೆ ಅವನ ಹತ್ತಿರ ಇರುವುದು ಅದೊಂದೇ.
ನಿನ್ನೆಯೂ ಕೇಳಿದ.
ಇಲ್ಲ ಅಂದೆ.

ಈವತ್ತು ಗುರ್ರಮ್ಮನ ಸರದಿ ಮುಗಿದು ಮೆಹರುನ್ನಿಸಾ ಬಂದಳು.
ಗುರ್ರಮ್ಮ ತಿಮ್ಮಿರಿ ಅಂದಿದ್ದಳು, ಇವಳು ಸುನ್ನಾ ಅಂದಳು,
ಚೀಟಿಯಲ್ಲಿ ನಾನು ಜೋಮು ಎಂದು ಬರೆದೆ.
ಮೂವತ್ತೊಂದು ವರ್ಷ ಕುದಿವ ನೀರಿಗೆ ಬೆರಳಿಳಿಸಿ
ಗೂಡಿನ ನೂಲು ಎತ್ತಿದವಳು.
ಬುರ್ಖಾದ ಮಡಿಕೆಯಲ್ಲೂ ಬೆಂದ ಹುಳದ ವಾಸನೆ.
ಬೆರಳ ತುದಿ ಬೆಳ್ಳಗೆ, ಸುಕ್ಕು ಸುಕ್ಕು,
ಬಿಚ್ಚಿ ಮುಗಿದ ಗೂಡಿನ ಥರ.

ಕಣ್ಣು ಮುಚ್ಚಿಸಿದೆ.
ಫೀಲ್, ಅಂದರು ಡಾಕ್ಟರು.
ಬಾಯಿಗೆ ಬಂದದ್ದನ್ನು ಕೇಳಿದೆ: ಗೊತ್ತಾಗುತ್ತಾ?

ಗೊತ್ತಾಗದೆ ಏನು ಸಿಸ್ಟರ್, ಅಂದಳು.
ಆವಿ ನೋಡಿದ್ರೆ ನೀರಿನ ಹದ ಗೊತ್ತಾಗುತ್ತೆ.
ಗೂಡು ಕಿವಿ ಹತ್ರ ಆಡಿಸಿದ್ರೆ
ಒಳಗಡೆ ಹುಳ ಸತ್ತು ಅಂಟ್ಕೊಂಡಿದ್ಯಾ, ಗೊತ್ತಾಗುತ್ತೆ.
ಸಾಹೇಬ್ರು ಚಪ್ಪಲಿ ಬಿಡೋ ಸದ್ದಲ್ಲೇ
ಈ ವಾರ ಕೂಲಿ ಹಿಡೀತಾರೆ ಅಂತ ಗೊತ್ತಾಗುತ್ತೆ.
ಸೊಸೆ ಪಾತ್ರೆ ಇಡೋದ್ರಲ್ಲಿ ಗೊತ್ತಾಗುತ್ತೆ...

ಅಲ್ಲಮ್ಮಾ, ಸೂಜಿ?

ಯಾವ ಸೂಜಿ?

ತೋರುಬೆರಳ ಮೇಲೆ ಆಗಲೇ
ಸಾಸಿವೆ ಗಾತ್ರದ ರಕ್ತ.

ಏನಂತೆ, ಅಂದರು ಡಾಕ್ಟರು, ಪೆನ್ನು ಎತ್ತಿ.
ಅಷ್ಟೂ ಮಾತನ್ನು ಒಂದಕ್ಷರಕ್ಕೆ ಇಳಿಸಿ
ನೋ, ಅಂದೆ.
ಅವರು ಚೌಕದಲ್ಲಿ ಗೀಟು ಹಾಕಿದರು, ಆಯ್ತು ಅಂದರು,
ಕೈ ತೊಳೆಯಲು ಎದ್ದರು.

ಹತ್ತಿಯಿಟ್ಟು ಬೆರಳನ್ನು ಅದುಮಿ ಹಿಡಿದೆ.
ಹೊರಗೆ ಯಾರದೋ ಮಗು ಕೆಮ್ಮುತ್ತಿತ್ತು.
ಕಣ್ಣು ಬಿಡು ಎಂದು ಯಾರೂ ಹೇಳಿರಲಿಲ್ಲ, ಅವಳು ಬಿಟ್ಟಿರಲಿಲ್ಲ.
ಮುಗೀತಾ ಸಿಸ್ಟರ್, ಅಂದಳು,
ಕೈ ಬಿಟ್ರಾ?

ನಾನಿನ್ನೂ ಹಿಡಿದೇ ಇದ್ದೆ.