ಯಾವ ದಿನ

ಒಪ್ಪಿಗೆ ಪತ್ರದಲ್ಲಿ ‘ಸ್ವಇಚ್ಛೆಯಿಂದ’ ಅಂತ
ಮೊದಲೇ ಅಚ್ಚಾಗಿ ಬಂದಿತ್ತು.
ಹೆಸರಿಗೆ ಮಾತ್ರ ಜಾಗ ಖಾಲಿ.

ಶಿಕಾರಿಪುರದ ತಾಲೂಕು ಕಚೇರಿ, ಇಪ್ಪತ್ತೆರಡನೇ ತಾರೀಕು.
ವೇತನ ಬಿಲ್ಲು ನನ್ನ ಮೇಜಿನದು.
ಸಂಜೆಯೊಳಗೆ ಎಲ್ಲರ ಇಚ್ಛೆಯನ್ನೂ ಒಟ್ಟುಮಾಡಿ
ಖಜಾನೆಗೆ ಕಳಿಸಬೇಕು.

ಶಿರಸ್ತೇದಾರರು ನಿಂತೇ ಸಹಿ ಹಾಕಿದರು.
ಸರ್ವೆಯರ್ ಗಿರಿಜವ್ವ ಸಾಲದ ಕಂತು ಲೆಕ್ಕ ಹಾಕಿ,
ಆಮೇಲೆ.

ಜವಾನ ಹುಚ್ಚರಾಯಪ್ಪ ಪೆನ್ನು ಹಿಡಿದು ಕೇಳಿದ:
“ಒಂದು ದಿನದ್ದು ಅಂದ್ರಲ್ಲ ಮೇಡಂ,
ಯಾವ ದಿನದ್ದು?”

ಯಾವುದೋ ಒಂದು, ಅಂದೆ.

“ಹಂಗಲ್ಲ. ಮಂಗಳವಾರದ್ದು ಬೇಡ,
ಇಡೀ ದಿನ ಸಾಹೇಬ್ರ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ,
ಗಂಟೆ ಹೊಡೀಲೇ ಇಲ್ಲ.
ಅಂಥದ್ದನ್ನ ಕೊಟ್ರೆ ಕೊಟ್ಟಂಗಾಗುತ್ತಾ?
ಒಂಬತ್ತನೇ ತಾರೀಕು ಬರ್ಕಳಿ.
ಅಂಜನಾಪುರದ ಕೆರೆ ಕೋಡಿ ಬಿದ್ದಾಗ
ಆ ಬಾಣಂತಿಯ ಕೂಸನ್ನ
ಶಾಲೆ ತನಕ ಹೊತ್ಕೊಂಡು ಹೋದ್ನಲ್ಲ,
ಅದು.”

ಕಂಪ್ಯೂಟರಿನಲ್ಲಿ ತಾರೀಕಿಗೆ ಕಾಲಂ ಇಲ್ಲ.
ಅವನ ಹೆಸರಿನ ಪಕ್ಕ, ಹಾಳೆಯ ಅಂಚಿಗೆ,
ಪೆನ್ಸಿಲ್ಲಿನಲ್ಲಿ ಬರೆದೆ: ೯.

ಎಲ್ಲ ಹೋದರು. ಫ್ಯಾನು ಆರಿಸಿದೆ.
ನನ್ನದೊಂದು ಉಳಿದಿದೆ.
ಹಾಜರಿ ಪುಸ್ತಕ ಬಿಚ್ಚಿಕೊಂಡು
ಒಂದನೇ ತಾರೀಕಿನಿಂದ ಬೆರಳಿಟ್ಟು ಬರುತ್ತಿದ್ದೇನೆ,
ಕೊಡಬಹುದಾದ ದಿನ ಹುಡುಕುತ್ತ.